ನಾಲ್ಕನೇ ಮಹಡಿಯ ಗ್ರಿಲ್

ನಾಲ್ಕನೇ ಮಹಡಿಯ ಬಾಲ್ಕನಿಗೆ ಗ್ರಿಲ್ ಕೂರಿಸುತ್ತಿದ್ದ ದಸ್ತಗೀರನಿಗೆ ಆ ಮನೆಯಾಕೆಯ ಅವಸರವೇ ಅರ್ಥವಾಗಲಿಲ್ಲ. ಬೆಳಗಿನಿಂದ ಎಷ್ಟೋ ಸಲ ಬಂದು ಸರಳುಗಳನ್ನು ಅಲ್ಲಾಡಿಸಿ ನೋಡಿದ್ದಳು.

“ಇಷ್ಟೆತ್ತರಕ್ಕೆ ಯಾವ ಕಳ್ಳ ಹತ್ತುತ್ತಾನಮ್ಮ?” ಎಂದು ನಕ್ಕ.

“ಕಳ್ಳರಿಗಲ್ಲ.”

“ಮತ್ತೆ, ಪಾಪುಗಾ? ಅದಿನ್ನೂ ಬೋರಲೇ ಬಿದ್ದಿಲ್ಲ!”

ಒಳಗೆ ಎರಡು ತಿಂಗಳ ಕೂಸು ಅಳುತ್ತಿತ್ತು. ಆಕೆ ಕೆಳಗಿನ ರಸ್ತೆಯನ್ನೇ ನೋಡುತ್ತಿದ್ದಳು. “ನೀವು ಗಟ್ಟಿಯಾಗಿ ಹಾಕಿ, ಸಾಬ್ರೇ.”

ಸಂಜೆಗೆ ಕೆಲಸ ಮುಗಿಯಿತು. “ಬೆಂಕಿಗಿಂಕಿ ಬಿದ್ರೆ ಇರ್ಲಿ ಅಂತ ಒಂದು ಸಣ್ಣ ಬಾಗಿಲು ಬಿಟ್ಟಿದ್ದೀನಿ. ತಗೊಳ್ಳಿ, ಅದರ ಬೀಗದ ಕೈ” ಎಂದು ಚಾಚಿದ.

ಆಕೆ ಎರಡೂ ಕೈಗಳನ್ನು ತಟ್ಟನೆ ಬೆನ್ನ ಹಿಂದೆ ಇಟ್ಟುಕೊಂಡಳು.

“ನನಗೆ ಕೊಡಬೇಡಿ. ನಮ್ಮೆಜಮಾನ್ರು ಬರ್ತಾರೆ, ಅವರ ಕೈಗೇ ಕೊಡಿ. ಎಲ್ಲಿಡ್ತಾರೆ ಅಂತ ನನಗೆ ಗೊತ್ತಾಗಬಾರದು.”