ಬೆಳಕು ಕುಗ್ಗುವ ಮಾತು

ಯಾರಾದರೂ ಎದುರು ನಿಂತು ಅದನ್ನು ಕಟ್ಟಿದ ಚರಿತ್ರೆ ಹೇಳದೆ ಆ ದಟ್ಟಡವಿಯ ಜಲವಿದ್ಯುತ್ ಯಂತ್ರ ತಿರುಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಹೇಳುವ ಕೆಲಸ ಗಣಪಿಯದು. ಸುಳ್ಳು ಬೆರೆತರೆ ಬಲ್ಬುಗಳು ಮಂಕಾಗುತ್ತವೆಂಬುದು ಎಲ್ಲರಿಗೂ ಗೊತ್ತಿತ್ತು.

ಹೊಳೆ ತಿರುಗಿಸಿದ್ದು, ಸುರಂಗ ಕೊರೆದದ್ದು ಹೇಳುವವರೆಗೆ ಬೆಳಕು ನಿಚ್ಚಳವಾಗಿತ್ತು. “ಸುರಂಗದ ಬಾಯಲ್ಲಿ ತಿಮ್ಮಪ್ಪ ಕಾಲು ಜಾರಿ ಸತ್ತ,” ಎಂದೊಡನೆ ಎಂದಿನಂತೆ ಕುಗ್ಗಿತು. ತಿಮ್ಮಪ್ಪ ಅವಳ ಅಪ್ಪ. ಅಂದು ಅವನ ಜೊತೆಗಿದ್ದವನು ಫೋರ್‌ಮನ್ ರಾಯ್ಕರ್ ಒಬ್ಬನೇ. ಈ ಮಾತು ಅವಳಿಗೆ ಕಲಿಸಿದವನೂ ಅವನೇ.

“ಅಪ್ಪನ ಸುದ್ದಿ ಬಂದರೆ ನಿನ್ನ ದನಿ ನಡುಗ್ತದೆ ಮಾರಾಯ್ತಿ. ಅದಕ್ಕೇ ಮಂಕಾಗೋದು,” ಎಂದ ರಾಯ್ಕರ್.

“ನಿಮ್ಮ ದನಿ ಗಟ್ಟಿ ಉಂಟಲ್ಲ ಮಾಮ. ಇವತ್ತು ನೀವೇ ಹೇಳಿ.”

ರಾಯ್ಕರ್ ನಕ್ಕ, ಗಂಟಲು ಸರಿಮಾಡಿಕೊಂಡ. ಆದರೆ ಬಾಯಿ ತೆರೆಯುವ ಮೊದಲೇ ಅವನ ಕಣ್ಣು ಬಲ್ಬಿನತ್ತ ಹೋಯಿತು.

ಗಣಪಿ ಅದನ್ನೇ ಕಾಯುತ್ತಿದ್ದಳು.