ಹಾಂಗ್‌ಕಾಂಗಿನ ಚಳಿ

"ತಪ್ಪು, ಕೂತ್ಕೋ" ಎಂದು ಶಾಲೆಯ ತಪಾಸಣೆಗೆ ಬಂದಿದ್ದ ಇನ್ಸ್‌ಪೆಕ್ಟರು ಹೇಳಿದಾಗ ವಿದ್ಯಾರ್ಥಿನಿ ಕೊಟ್ರವ್ವನ ಮುಖ ಸಣ್ಣದಾಯಿತು. ಹಾಂಗ್‌ಕಾಂಗ್ ಕಡಲ ತೀರದ ಊರಾದರೂ ಜನವರಿಯಲ್ಲಿ ಅಲ್ಲಿ ಬೆಚ್ಚನೆ ಬಟ್ಟೆ ಬೇಕು ಎಂದು ಅವಳು ಉತ್ತರಿಸಿದ್ದಳು. "ಸಮುದ್ರದ ಪಕ್ಕ ಎಂಥಾ ಚಳಿ? ಅದೂ ನಮ್ಮ ಮಂಗಳೂರಿನಂಗೇ" ಎಂದು ಅವರು ನಕ್ಕರು.

ಅಖ್ತರ್ ಬಾನು ಹರಿಹರದ ಆ ಶಾಲೆಗೆ ಭೂಗೋಳದ ಟೀಚರಾಗಿ ಬಂದದ್ದು ೧೯೬೧ರಲ್ಲಿ. ವರ್ಷ ಕಳೆದಿತ್ತು, ಕೆಲಸ ಕಾಯಂ ಆಗಬೇಕಾದರೆ ಇದೇ ಇನ್ಸ್‌ಪೆಕ್ಟರು ಒಳ್ಳೆಯ ವರದಿ ಬರೆಯಬೇಕಿತ್ತು. ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ತರು ಸುಮ್ಮನಿರುವಂತೆ ಆಕೆಗೆ ಕಣ್ಸನ್ನೆ ಮಾಡಿದರು.

"ಹುಡುಗಿ ಹೇಳಿದ್ದು ಸರಿ ಐತ್ರಿ ಸರ್" ಎಂದಳು ಅಖ್ತರ್ ಬಾನು. ಗೋಡೆಯ ನಕಾಶೆಯಲ್ಲಿ ಚೀನಾದ ಉತ್ತರಕ್ಕೆ ಅಂಗೈ ಇಟ್ಟು ನಿಧಾನವಾಗಿ ಕೆಳಕ್ಕೆ ಎಳೆದಳು. "ಚಳಿಗಾಲದಾಗ ಅಲ್ಲಿ ಗಾಳಿ ಕಡಲಿಂದ ಬರಲ್ರಿ. ಈ ತಣ್ಣನೆ ನೆಲದ ಮ್ಯಾಲಿಂದ ಬೀಸ್ತೈತೆ. ಮಂಗಳೂರಿಗೆ ಅಂಥ ಗಾಳಿ ಮುಟ್ಟಲ್ರಿ."

ಇನ್ಸ್‌ಪೆಕ್ಟರು ನಕಾಶೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ "ಸ್ವಲ್ಪ ಸರಕೊಳ್ಳವ್ವಾ" ಎಂದು ಕೊಟ್ರವ್ವನ ಬೆಂಚಿನ ತುದಿಯಲ್ಲಿ ಕೂತರು. "ಟೀಚರ್, ಪಾಠ ಮೊದಲಿಂದ ಹೇಳ್ರಿ. ನಾನೂ ಕೇಳ್ತೀನಿ."

ಅಖ್ತರ್ ಬಾನು ಸೆರಗು ಸರಿಮಾಡಿಕೊಂಡು, ಪಕ್ಕದ ತರಗತಿಗೂ ಕೇಳುವಷ್ಟು ಗಟ್ಟಿಯಾಗಿ ಪಾಠ ಶುರು ಮಾಡಿದಳು.