ಇಮ್ಮಡಿ ವೇಗದ ಮಹಾರಾಣಿ

ಅಟ್ಟದ ಮೇಲಿದ್ದ ಹಳೇ ಹಾಸಿಗೆಗಳು ಹಿಂದಿನ ಚಿಕ್ಕ ಕೋಣೆ ಸೇರಿದ್ದನ್ನು ಕಂಡ ದಿನವೇ ಕಿವಿಯಂತ್ರದ ಅಂಗಡಿಯವನಿಗೆ ಹೆಂಡತಿಯ ಮೇಲೆ ಅನುಮಾನ ಹುಟ್ಟಿತು. ಹಾಸಿಗೆ ಇಳಿದು ಎಷ್ಟು ಕಾಲವಾಗಿತ್ತೋ, ಅವನ ಕಣ್ಣಿಗೆ ಬಿದ್ದದ್ದು ಮಾತ್ರ ಆವತ್ತು. ನೆಂಟರು ಕಾಲಿಡದ ಮನೆಯಲ್ಲಿ ಇಷ್ಟೊಂದು ಹಾಸಿಗೆ ಯಾರಿಗೆ?

ಆಮೇಲೆ ಒಂದೊಂದೇ ಕಾಣತೊಡಗಿದವು. ಮಧ್ಯಾಹ್ನ ಫೋನ್ ಮಾಡಿದರೆ ಅವಳ ಫೋನ್ ಬಂದ್. ಕರೆಗಂಟೆಗೆ ದಪ್ಪ ಬಟ್ಟೆ ಸುತ್ತಿತ್ತು. "ನಿಮ್ಮನೆಯವರು ಮಧ್ಯಾಹ್ನ ಕದ ಹಾಕ್ಕೊಂಡ್ರೆ ಮುಗೀತು, ಎಷ್ಟು ಕೂಗಿದ್ರೂ ತೆಗಿಯಲ್ಲ" ಎಂದು ಪಕ್ಕದ ಮನೆಯಾಕೆ ಬೇರೆ ಉಪ್ಪು ಖಾರ ಹಚ್ಚಿದಳು. ಸಂಜೆ ನೋಡಿದರೆ ಹೆಂಡತಿಯ ಹಣೆಯಲ್ಲಿ ಬೆವರು, ಗಂಟಲು ಕಟ್ಟಿರುತ್ತಿತ್ತು. ಮುಖದಲ್ಲಿ ಮಾತ್ರ ಹೊಸ ಕಳೆ.

ಇದೆಲ್ಲ ಅವನಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅವನು ಬದುಕುತ್ತಿದ್ದದ್ದೇ ಒಳಸಂಚುಗಳ ನಡುವೆ. ಕೂತು ಪುಸ್ತಕ ಓದಲು ಪುರುಸೊತ್ತಿಲ್ಲದ ಮನುಷ್ಯ, ಯಾರೋ ಓದಿ ಮುದ್ರಿಸಿದ ಐತಿಹಾಸಿಕ ಕಾದಂಬರಿಗಳನ್ನು ಫೋನಿನಲ್ಲಿ ಹಾಕಿಕೊಂಡು ಕಿವಿಯಿಂದಲೇ ಕುಡಿಯುತ್ತಿದ್ದ. ಬಸ್ಸಿನಲ್ಲಿ ಒಂದು ಮುತ್ತಿಗೆ, ಬಚ್ಚಲಲ್ಲಿ ಒಂದು ಪಟ್ಟಾಭಿಷೇಕ, ಊಟದ ತಟ್ಟೆಯ ಮುಂದೆ ಒಂದು ವಿಷಪ್ರಾಶನ. ಅದೂ ಇಮ್ಮಡಿ ವೇಗದಲ್ಲಿ. ಸಾಮ್ರಾಜ್ಯ ಕಟ್ಟಲು ರಾಜರಿಗೆ ಸಮಯವಿತ್ತು, ಕೇಳಲು ಇವನಿಗಿರಲಿಲ್ಲ. ಬರೆದವರಾರು, ಓದಿದವರಾರು ಎಂಬ ಆರಂಭದ ಒಕ್ಕಣೆಯನ್ನು ಬೆರಳಿನಿಂದ ಅತ್ತ ತಳ್ಳಿ ಸೀದಾ ರಣರಂಗಕ್ಕೆ ಇಳಿಯುತ್ತಿದ್ದ. ಅಲ್ಲೊಬ್ಬಳು ಮಹಾರಾಣಿ, ಆ ವೇಗಕ್ಕೆ ಗುಬ್ಬಿಯ ಹಾಗೆ ಚಿಲಿಪಿಲಿ ಎನ್ನುತ್ತಲೇ ಮೊದ್ದು ಗಂಡನಿಗೆ ಬುದ್ಧಿ ಹೇಳುತ್ತಿದ್ದಳು. ಅವಳೆಂದರೆ ಇವನಿಗೆ ಪಂಚಪ್ರಾಣ. ಕೊನೆಯ ಸಂಪುಟ ಇನ್ನೂ ಬಂದಿರಲಿಲ್ಲವಾದ್ದರಿಂದ ಹಿಂದಿನದನ್ನೇ ಮತ್ತೆ ಮತ್ತೆ ಕೇಳುತ್ತಿದ್ದ.

"ಹೆಂಗಸು ಅಂದ್ರೆ ಹೀಗಿರ್ಬೇಕು. ಒಂದೊಂದು ಮಾತೂ ಮುತ್ತು" ಎಂದು ಒಮ್ಮೆ ಹೆಂಡತಿಗೇ ಹೇಳಿದ್ದ.

"ಹೌದಾ?" ಎಂದು ಅವಳು ನಕ್ಕು, ಇನ್ನೇನೋ ಹೇಳಲು ಬಾಯಿ ತೆರೆದಿದ್ದಳು. ಅವನು ಅಂಗೈ ಎತ್ತಿದ್ದ.

"ಶ್! ರಾಣಿ ಮಾತಾಡ್ತಿದ್ದಾಳೆ."

ಅಂಗಡಿಯಲ್ಲಿ ಮಾತ್ರ ಅವನಷ್ಟು ತಾಳ್ಮೆಯವರಿಲ್ಲ. "ಕಿವಿ ಕೇಳಿಸ್ತಿಲ್ಲ ಅನ್ನೋದು ಮೊದಲು ಗೊತ್ತಾಗೋದು ನಮಗಲ್ಲ ಸ್ವಾಮಿ, ಮನೆಯವರಿಗೆ" ಎಂದು ಗಿರಾಕಿಗಳಿಗೆ ಉಪದೇಶ ಮಾಡುತ್ತಿದ್ದ. ಕಿವಿ ಪರೀಕ್ಷೆಗೆಂದು ಅಲ್ಲೊಂದು ಗೂಡಿತ್ತು. ಗೋಡೆಗೆಲ್ಲ ದಪ್ಪ ಮೆತ್ತೆ, ಹೊರಗಿನ ಸದ್ದು ಒಳಗೆ ಸುಳಿಯದು. ಗಿರಾಕಿ ಇಲ್ಲದಾಗ ಇವನ ದರ್ಬಾರು ಅದರೊಳಗೇ. ಲೆಕ್ಕ ನೋಡುವ ಹುಡುಗಿ ಅವನಿಗೆ 'ಮಹಾರಾಜ' ಎಂದು ಹೆಸರಿಟ್ಟಿದ್ದಳು. ಎದುರಿಗೇ ಕರೆಯುತ್ತಿದ್ದಳು, ಹೇಗೂ ಅವನಿಗೆ ಕೇಳಿಸುತ್ತಿರಲಿಲ್ಲ.

ಆ ಗೂಡಿನಲ್ಲೇ ಉಪಾಯ ಹೊಳೆಯಿತು. ಬೇಟೆಗೆಂದು ಹೊರಟ ರಾಜ ಅರ್ಧ ದಾರಿಯಲ್ಲಿ ಅರಮನೆಗೆ ಮರಳುವುದು. ಮರುದಿನ ಬೆಳಿಗ್ಗೆ ಹೆಂಡತಿಗೆ ಹೇಳಿದ, "ಇವತ್ತು ಬರೋದು ತಡ."

"ಒಳ್ಳೇದೇ ಆಯ್ತು, ನಿಧಾನಕ್ಕೆ ಬನ್ನಿ. ನಂಗೂ ಇವತ್ತು ಮುಗಿಸಿಬಿಡ್ಬೇಕು."

ಮುಗಿಸುವುದೆಂದರೆ ಯಾರನ್ನು? ಆ ಮನೆಯಲ್ಲಿ ಮುಗಿಸಲು ಇದ್ದದ್ದು ತಾನೊಬ್ಬನೇ.

ಮಧ್ಯಾಹ್ನ ಬಸ್ಸಿನಲ್ಲಿ ವಾಪಸು ಬರುವಾಗ ಮಾತ್ರ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಅವಳು ಬಿಟ್ಟುಹೋದರೆ ಗತಿಯೇನು? ಅವಳಿಲ್ಲದ ಮನೆಯನ್ನು ನೆನೆದು ಕಣ್ಣು ತುಂಬಿಬಂತು. ಅಂಗೈ ಎತ್ತಿ ಸುಮ್ಮನಾಗಿಸಲಾದರೂ ಒಬ್ಬರು ಬೇಕಲ್ಲ.

ತನ್ನ ಬಳಿಯಿದ್ದ ಕೀಲಿಯಿಂದ ಮುಂಬಾಗಿಲು ತೆಗೆದು, ಕಳ್ಳಹೆಜ್ಜೆಯಲ್ಲಿ ಒಳಗೆ ಬಂದು ಚಿಕ್ಕ ಕೋಣೆಯ ಕದಕ್ಕೆ ಕಿವಿ ಕೊಡಲು ಹೋದ. ಕಿವಿಯಲ್ಲಿ ಸೈನ್ಯ ನದಿ ದಾಟುತ್ತಿತ್ತು. ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿದ. ಎಚ್ಚರವಾಗಿದ್ದಾಗ ಆ ಮನೆಯಲ್ಲಿ ಅದನ್ನು ತೆಗೆದದ್ದು ಬಹುಶಃ ಅದೇ ಮೊದಲು.

ಒಳಗಿನಿಂದ ಹೆಂಡತಿಯ ದನಿ. ತಗ್ಗಿದ, ತುಂಬಿದ, ನಿಧಾನದ ದನಿ. ತನ್ನೊಂದಿಗೆ ಅವಳು ಹೀಗೆ ಮಾತಾಡಿದ್ದೇ ಅವನಿಗೆ ನೆನಪಿಲ್ಲ.

"ನೀನು ಹಿಂಬಾಗಿಲಿಂದ ಹೊರಡು. ಅವರು ಕಂಡರೆ ನಿನ್ನ ತಲೆ ಉಳಿಯದು."

ಆ ಕೋಣೆಗೆ ಹಿಂಬಾಗಿಲೇ ಇಲ್ಲವೆಂಬುದು ಸಿಟ್ಟಿನಲ್ಲಿ ಹೊಳೆಯಲಿಲ್ಲ. ಮತ್ತೆ ಅದೇ ಮಾತು, ಈ ಸಲ ಅಳು ಬೆರೆತಿತ್ತು. ಮತ್ತೊಮ್ಮೆ ಅದೇ, ಪಿಸುದನಿಯಲ್ಲಿ. ಇಷ್ಟು ಬೇಡಿಕೊಂಡರೂ ಆ ನಾಯಿ ಹೊರಡುತ್ತಿಲ್ಲ! ಅವನಿಗೆ ಅಂಗಾಲಿನ ಉರಿ ನೆತ್ತಿಗೇರಿತು. ಕತ್ತಿ ಇರಲಿಲ್ಲ, ಕೊಡೆ ಇತ್ತು. ಅದನ್ನೇ ಹಿರಿದು ಕದಕ್ಕೆ ಭುಜ ಕೊಟ್ಟ.

"ಎಲ್ಲಿ ಅವನು?"

ಅವನು ಎಲ್ಲೂ ಇರಲಿಲ್ಲ. ನಾಲ್ಕೂ ಗೋಡೆಗೆ ಹಾಸಿಗೆ ಒರಗಿಸಿತ್ತು, ಥೇಟ್ ಅಂಗಡಿಯ ಗೂಡಿನ ಹಾಗೆ. ನಡುವೆ ಮೇಜು, ಬಿಸಿನೀರಿನ ಲೋಟ, ದಪ್ಪನೆಯ ಪುಸ್ತಕ, ಮೈಕು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ ಹೆಂಡತಿ ತಿರುಗಿ ನೋಡದೆ ಅಂಗೈ ಎತ್ತಿದಳು. ಸಾಲು ಮುಗಿಸಿದಳು.

"...ಎಂದಳು ಮಹಾರಾಣಿ."

ಕೊಡೆ ಕೆಳಗೆ ಬಿತ್ತು. ಅವನು ಬಾಗಿಲಿಗೆ ಒರಗಿದ.

"ನೀನಾ? ಇಷ್ಟು ವರ್ಷ ನನ್ನ ಕಿವೀಲಿ ಇದ್ದದ್ದು ನೀನೇನಾ? ನಂಗೊಂದು ಮಾತು ಹೇಳಬಾರದಿತ್ತಾ?"

"ಹೇಳೋಕೆ ಬಂದಿದ್ದೆ" ಎಂದಳು ಅವಳು, ಪುಟ ಮಗುಚುತ್ತ. "ನೀವು 'ಶ್, ರಾಣಿ ಮಾತಾಡ್ತಿದ್ದಾಳೆ' ಅಂದ್ರಿ."